ನಾರ್‌ಅಡ್ರಿನಾಲಿನ್ ಸಿರಿಂಜ್ ಬದಲಿಸಿದಾಗಲೆಲ್ಲ ಬಿಪಿ ಕುಸಿಯುವುದಕ್ಕೆ ಪರಿಹಾರ

ಕರುಳಿನ ಆಪರೇಷನ್ ಆದವರಿಗೆ ನಾರ್‌ಅಡ್ರಿನಾಲಿನ್ (ರಕ್ತನಾಳ ಬಿಗಿಸಿ ಬಿಪಿ ಏರಿಸುವ ಔಷಧ) ಸಿರಿಂಜ್ ಬದಲಿಸಿದಾಗ ಮಾತ್ರ ಮೀನ್ (ಸರಾಸರಿ) ಬಿಪಿ 70ರಿಂದ 50ಕ್ಕೆ ಇಳಿದು, ಹತ್ತು ನಿಮಿಷಕ್ಕೆ ತಾನೇ ಏರುತ್ತದೆ ಎಂದಿದ್ದೀರಿ. ಹಾಗಾದರೆ ತೊಂದರೆ ಬಹುತೇಕ ಸಿರಿಂಜನ್ನು ನಿಧಾನವಾಗಿ ಒತ್ತುವ ಪಂಪ್‌ನಲ್ಲಿದೆ. ಹೊಸ ಸಿರಿಂಜ್ ಕೂರಿಸಿದಾಗ ಪ್ಲಂಜರ್‌ಗೂ (ಸಿರಿಂಜಿನ ಹಿಡಿ) ಅದನ್ನು ತಳ್ಳುವ ಪಂಪ್‌ನ ತೋಳಿಗೂ ನಡುವೆ ಸಣ್ಣ ಸಂದಿ ಉಳಿಯಬಹುದು. ಗಂಟೆಗೆ 4 ಮಿಲಿ ವೇಗದಲ್ಲಿ ಆ ಸಂದಿ ಮುಚ್ಚಲು ಹಲವು ನಿಮಿಷ ಬೇಕಾಗಬಹುದು, ಅಲ್ಲಿವರೆಗೆ ಔಷಧ ಒಳಗೆ ಹೋಗದು. ಔಷಧದ ಅರ್ಧಾಯುಷ್ಯವೋ (ರಕ್ತದಲ್ಲಿ ಅದು ಅರ್ಧಕ್ಕಿಳಿಯುವ ಸಮಯ) ಸುಮಾರು 2 ನಿಮಿಷ, ಅದಕ್ಕೇ ಬಿಪಿ ಬೀಳುತ್ತದೆ.

ಹಳೆಯದು ಖಾಲಿಯಾಗುವ ಅರ್ಧ ಗಂಟೆ ಮೊದಲೇ ಅದೇ ಸಾಂದ್ರತೆಯ ಹೊಸ ಸಿರಿಂಜ್ ತುಂಬಿ ಎರಡನೇ ಪಂಪ್‌ಗೆ ಹಾಕಿ. ರೋಗಿಗೆ ಜೋಡಿಸುವ ಮುಂಚೆ ಪರ್ಜ್ ಮಾಡಿ (ಪಂಪ್‌ನಿಂದಲೇ ಔಷಧ ತಳ್ಳಿ ಟ್ಯೂಬ್ ತುಂಬಿಸಿ), ಟ್ಯೂಬಿನ ತುದಿಯಲ್ಲಿ ಹನಿ ಕಾಣಲೇಬೇಕು. ಆಮೇಲೆ ತ್ರೀ-ವೇಗೆ (ಮೂರು ದಾರಿಯ ಕೀಲಿಗೆ) ಜೋಡಿಸಿ, ಅದೇ ವೇಗದಲ್ಲಿ ಶುರು ಮಾಡಿ. ಬಿಪಿ ಏರತೊಡಗಿದ ಕೂಡಲೇ ಹಳೆಯದನ್ನು ನಿಲ್ಲಿಸಿ. ಅಷ್ಟೂ ಹೊತ್ತು ಆರ್ಟೀರಿಯಲ್ ಲೈನ್ (ಅಪಧಮನಿಯೊಳಗಿನ ನಳಿಕೆ) ತೋರಿಸುವ ಬಿಪಿಯಿಂದ ಕಣ್ಣು ತೆಗೆಯಬೇಡಿ.

ನಾರ್‌ಅಡ್ರಿನಾಲಿನ್ ಹೋಗುವ ಲೈನನ್ನು ಫ್ಲಶ್ ಮಾಡಲೇಬೇಡಿ (ದ್ರವ ನುಗ್ಗಿಸಿ ತೊಳೆಯಬೇಡಿ). 50 ಮಿಲಿಯಲ್ಲಿ 4 ಮಿಗ್ರಾಂ ಬೆರೆಸಿದ್ದರೆ ಟ್ಯೂಬಿನ 1 ಮಿಲಿಯಲ್ಲೇ 80 ಮೈಕ್ರೋಗ್ರಾಂ ಇರುತ್ತದೆ, ಒಮ್ಮೆಲೇ ಒಳಗೆ ಹೋದರೆ ಅಪಾಯ. ಅದೇ ಲ್ಯೂಮೆನ್‌ನಲ್ಲಿ (ಕ್ಯಾಥೆಟರಿನ ಅದೇ ದಾರಿಯಲ್ಲಿ) ಆಂಟಿಬಯಾಟಿಕ್ ಕೂಡ ಬೇಡ. ನಿಮ್ಮ ಕಲಬುರಗಿಯಲ್ಲಿ ಬೇಸಿಗೆ 40 ಡಿಗ್ರಿ ದಾಟುತ್ತದೆ. ಆಂಪೂಲ್‌ಗಳು 25 ಡಿಗ್ರಿಯೊಳಗೆ, ಬೆಳಕು ಬೀಳದ ಕಡೆ ಇರಲಿ. ಕಂದು ಬಣ್ಣಕ್ಕೆ ತಿರುಗಿದ್ದನ್ನು ಎಸೆಯಿರಿ.

ಸಿರಿಂಜ್ ಬದಲಿಸದ ಹೊತ್ತಿನಲ್ಲೂ ಬಿಪಿ ಇಳಿದರೆ, ಡೋಸ್ ಏರುತ್ತಲೇ ಹೋದರೆ ನನ್ನ ಈ ಊಹೆ ತಪ್ಪು. ಆಗ ಡ್ರೈನ್ (ಹೊಟ್ಟೆಯಿಂದ ದ್ರವ ಹೊರತರುವ ಕೊಳವೆ), ಹಿಮೋಗ್ಲೋಬಿನ್, ರಕ್ತದ ಲ್ಯಾಕ್ಟೇಟ್, ಮೂತ್ರದ ಪ್ರಮಾಣ ನೋಡಿ. ಒಳಗಿನ ರಕ್ತಸ್ರಾವವನ್ನೋ ಸೋರುವ ಹೊಲಿಗೆಯನ್ನೋ ಈ ಔಷಧ ಸ್ವಲ್ಪ ಹೊತ್ತು ಮರೆಮಾಚುತ್ತದೆ. ತಕ್ಷಣ ಸರ್ಜನ್‌ರನ್ನು ಕರೆಯಿರಿ.