ಪರೀಕ್ಷೆಯೇ ಇಲ್ಲದೆ ಬೈಪೋಲಾರ್ ಅಂತ ಹೇಗೆ ಹೇಳ್ತಾರೆ?

ಎರಡು ವರ್ಷ ಖಿನ್ನತೆ ಅಂತ ಚಿಕಿತ್ಸೆ ಪಡೆದ ನಿಮ್ಮ ತಂಗಿಗೆ ಹೊಸ ಡಾಕ್ಟರು ಸ್ಕ್ಯಾನ್ ಕೂಡ ಮಾಡಿಸದೆ, ಬರೀ ಮಾತಾಡಿಸಿ ಬೈಪೋಲಾರ್ (ಮನಸ್ಸು ಕೆಲವು ದಿನ ವಿಪರೀತ ಉಬ್ಬಿ, ಕೆಲವು ದಿನ ಕುಗ್ಗುವ ಕಾಯಿಲೆ) ಅಂದಿದ್ದಾರೆ, ನಂಬೋದು ಹೇಗೆ ಅಂತ ಕೇಳಿದ್ದೀರಿ. ನನ್ನ ತಮ್ಮನ ವಿಷಯದಲ್ಲಿ ನಾನೂ ಇದನ್ನೇ ಕೇಳಿದ್ದೆ.

ಇದನ್ನು ಖಚಿತಪಡಿಸುವ ರಕ್ತಪರೀಕ್ಷೆಯಾಗಲಿ ಸ್ಕ್ಯಾನ್ ಆಗಲಿ ಇಲ್ಲ. ಥೈರಾಯ್ಡ್ ನೋಡೋದು ಬೇರೆ ಕಾರಣ ಇದೆಯಾ ಅಂತ ತಿಳಿಯೋಕೆ. ಉಳಿದದ್ದೆಲ್ಲ ಹಿಂದಿನ ಕಥೆ ಕೇಳಿಯೇ ಗೊತ್ತಾಗಬೇಕು. ಮನಸ್ಸು ವಿಪರೀತ ಉಬ್ಬಿ ಅಥವಾ ಸಿಡುಕಾಗಿ, ಎಲ್ಲಿಲ್ಲದ ಹುರುಪು ಸಾಮಾನ್ಯವಾಗಿ 7 ದಿನವಾದರೂ ಇದ್ದರೆ ಮೇನಿಯಾ. ಸೌಮ್ಯವಾಗಿ 4 ದಿನ ಇದ್ದರೆ ಹೈಪೋಮೇನಿಯಾ. ತೊಂದರೆ ಏನಂದ್ರೆ, ಜನ ಡಾಕ್ಟರ ಹತ್ತಿರ ಹೋಗೋದು ಕುಗ್ಗಿದಾಗ ಮಾತ್ರ. ಚೆನ್ನಾಗಿದ್ದೀನಿ ಅನ್ನಿಸಿದ ದಿನಗಳ ಸುದ್ದಿ ಯಾರೂ ಎತ್ತಲ್ಲ. ನನ್ನ ತಮ್ಮ ಒಂದು ವಾರ ಪೂರ್ತಿ ಮೂರೇ ಗಂಟೆ ಮಲಗುತ್ತಿದ್ದ. ರಾತ್ರಿ ಎರಡಕ್ಕೆ ಕಪಾಟಿನ ಪುಸ್ತಕವೆಲ್ಲ ನೆಲಕ್ಕೆ ಹರಡಿಕೊಂಡು ಜೋಡಿಸ್ತಾ ಕೂತಿರ್ತಿದ್ದ, ಆಯಾಸವೇ ಇಲ್ಲ. ನಾವು ಅದನ್ನು ಉತ್ಸಾಹ ಅಂದುಕೊಂಡೆವು. ಅದಕ್ಕೇ, ತಂಗಿ ಒಪ್ಪಿದರೆ, ಮುಂದಿನ ಸಲ ನೀವೂ ಜೊತೆಗೆ ಹೋಗಿ, ಕಂಡದ್ದನ್ನು ಹೇಳಿ.

ದಿನಾ ಎಷ್ಟು ಗಂಟೆ ನಿದ್ದೆ, ಮನಸ್ಸು ಹೇಗಿತ್ತು ಅಂತ ತಂಗಿ ಒಂದು ಸಾಲು ಬರೆದಿಡಲಿ. ಒಂದೇ ಹೊತ್ತಿಗೆ ಮಲಗಿ ಏಳೋದು ಔಷಧಿಯ ಜೊತೆಗೆ ದೊಡ್ಡ ಆಸರೆ. ಖಿನ್ನತೆಯ ಮಾತ್ರೆ ಒಂದನ್ನೇ ತಗೊಂಡರೆ ಕೆಲವರಲ್ಲಿ ಮೇನಿಯಾ ಏಳಬಹುದು. ಆದರೂ ತಾವಾಗಿ ನಿಲ್ಲಿಸೋದು ಬೇಡ, ಡಾಕ್ಟರನ್ನೇ ಕೇಳಿ. ಸಾಯೋ ಮಾತು ಬಂದರೆ ಒಬ್ಬರನ್ನೇ ಬಿಡಬೇಡಿ, ತಕ್ಷಣ ಆಸ್ಪತ್ರೆಗೆ ಕರೆದುಕೊಂಡು ಹೋಗಿ.