ಯಾವ ಗೈರೋ ಅಂತ ನೋಡುವ ಮೊದಲು, ಅದನ್ನು ಹಾರಾಟದ ಮಧ್ಯೆ ಆಫ್ ಮಾಡೋಕೆ ಆಗುತ್ತಾ ನೋಡಿ

ನಿಮ್ಮ ಪ್ರಶ್ನೆ ಓದಿದೆ ಸರ್. ರಿಮೋಟ್‌ನಿಂದ ಹಾರಿಸುವ 1.2 ಮೀಟರ್ ರೆಕ್ಕೆಯ ಫೋಮ್ ಟ್ರೇನರ್ (ಕಲಿಯುವವರ ಪ್ಲೇನ್), ಫ್ಲೈಸ್ಕೈ ಐ6 ರಿಮೋಟ್, ರೆಕ್ಕೆ ಬಾಲದ ಪಟ್ಟಿಗಳನ್ನು ತಿರುಗಿಸುವ ನಾಲ್ಕು ಎಸ್‌ಜಿ90 ಸರ್ವೋ (ಸಣ್ಣ ಮೋಟಾರ್). ಆಷಾಢದ ಗಾಳಿಗೆ ಪ್ಲೇನ್ ಅಲ್ಲಾಡಿ ಪ್ರತಿ ಸಲ ಲ್ಯಾಂಡಿಂಗ್ ಕೆಡುತ್ತಿದೆ, ಯಾವ ಗೈರೋ ಹಾಕಲಿ ಅಂತ ಕೇಳಿದ್ದೀರಿ. ಆಗಲೇ ಆರೇಳು ಜನ ಆರೇಳು ಬ್ರ್ಯಾಂಡ್ ಹೇಳಿಬಿಟ್ಟಿದ್ದಾರೆ. ಬ್ರ್ಯಾಂಡ್ ವಿಷಯಕ್ಕೆ ಆಮೇಲೆ ಬರುತ್ತೇನೆ.

ಗೈರೋ ಅಂದರೆ ಪ್ಲೇನಿನ ತಿರುಗಾಟ ಅಳೆಯುವ ಸಣ್ಣ ಸಾಧನ, ಅದು ಗಾಳಿಯನ್ನು ತಡೆಯುವುದಿಲ್ಲ. ರೆಕ್ಕೆ ತಟ್ಟನೆ ವಾಲಿದರೆ, ಮೂತಿ ತಿರುಗಿದರೆ, ಆ ತಿರುಗಾಟ ಹಿಡಿದು ಸರ್ವೋಗೆ ಎದುರು ಸಿಗ್ನಲ್ ಕೊಡುತ್ತದೆ, ಅಷ್ಟೇ. ಗಾಳಿ ಇಡೀ ಪ್ಲೇನನ್ನೇ ಪಕ್ಕಕ್ಕೆ ತಳ್ಳಿಕೊಂಡು ಹೋದರೆ ಅದಕ್ಕೆ ಗೊತ್ತೇ ಆಗುವುದಿಲ್ಲ. ಸಿಜಿ, ಅಂದರೆ ಪ್ಲೇನಿನ ತೂಕದ ಕೇಂದ್ರ, ಹಿಂದೆ ಇದ್ದರೆ ಅದನ್ನೂ ಸರಿ ಮಾಡುವುದಿಲ್ಲ. ನಿಧಾನ ಆದಾಗ ಸ್ಟಾಲ್ ಆಗುವುದನ್ನಂತೂ (ರೆಕ್ಕೆ ಎತ್ತುವ ಬಲ ಕಳೆದುಕೊಂಡು ಬೀಳುವುದು) ತಪ್ಪಿಸುವುದೇ ಇಲ್ಲ. ಇನ್ನೊಂದು ಮಾತು, ನಮ್ಮ ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ, ಗಾಳಿ ತೆಳು. ಕರಾವಳಿಯವರ ವಿಡಿಯೋ ನೋಡಿ ಅಷ್ಟೇ ನಿಧಾನಕ್ಕೆ ಇಳಿಸಲು ಹೋದರೆ ಇಲ್ಲಿ ಪ್ಲೇನ್ ಬೇಗ ಕೂತುಬಿಡುತ್ತದೆ. ಸ್ವಲ್ಪ ಥ್ರಾಟಲ್ (ಮೋಟಾರಿನ ವೇಗ) ಇಟ್ಟುಕೊಂಡೇ ಇಳಿಸಿ. ನಿಮ್ಮ ಅರ್ಧ ತೊಂದರೆ ಅದೇ ಇರಬಹುದು.

ಈಗ ಮೋಡ್. ನಿಮಗೆ ಬೇಕಾಗಿರುವುದು ರೇಟ್ ಮೋಡ್, ಅಂದರೆ ಬರೀ ಅಲುಗಾಟ ತಗ್ಗಿಸುವುದು. ಸ್ಟಿಕ್ ಬಿಟ್ಟರೆ ತಾನೇ ನೆಟ್ಟಗಾಗುವ ಆಟೋ ಲೆವೆಲ್‌ಗೆ ಗೈರೋ ಜೊತೆ ಯಾವುದು ಕೆಳಗೆ ಅಂತ ತಿಳಿಸುವ ಆಕ್ಸಿಲರೋಮೀಟರ್ ಕೂಡ ಇರಬೇಕು. ಕಲಿಯುವಾಗ ದಿಕ್ಕು ತಪ್ಪಿ ಗಾಬರಿಯಾದರೆ ಅದು ಜೀವ ಉಳಿಸುತ್ತದೆ, ನಿಜ. ಆದರೆ ಅದನ್ನೇ ಅಭ್ಯಾಸ ಮಾಡಿಕೊಂಡವರು ಆರು ತಿಂಗಳಾದರೂ ಒಂದು ನೆಟ್ಟಗಿನ ತಿರುವು ಕಲಿಯದೇ ಇರುವುದನ್ನು ನೋಡಿದ್ದೇನೆ. ಪ್ಲೇನ್ ಇದ್ದ ಭಂಗಿಯಲ್ಲೇ ಹಿಡಿದಿಡುವ ಹೋಲ್ಡ್ ಅಥವಾ ಲಾಕ್ ಮೋಡ್ ನಿಮಗೆ ಬೇಡವೇ ಬೇಡ. ಲ್ಯಾಂಡಿಂಗ್‌ನಲ್ಲಿ ವೇಗ ಇಳಿಯುತ್ತಿದ್ದಂತೆ ಮೂತಿ ಬೀಳದಿರಲಿ ಅಂತ ಅದು ಎಲಿವೇಟರ್ (ಬಾಲದ ಅಡ್ಡ ಪಟ್ಟಿ) ಎತ್ತುತ್ತಲೇ ಹೋಗುತ್ತದೆ. ನಿಮಗೆ ಎಲ್ಲಾ ಸರಿ ಕಾಣುತ್ತಿರುತ್ತದೆ, ಆಮೇಲೆ ಒಂದೇ ಸಲ ರೆಕ್ಕೆ ಬೀಳುತ್ತದೆ.

ನನ್ನ ಕಥೆ ಹೇಳುತ್ತೇನೆ. ಏಲೆರಾನ್, ಅಂದರೆ ರೆಕ್ಕೆಯ ಹಿಂಬದಿಯ ಪಟ್ಟಿ, ಅದರ ಸರ್ವೋದ ಗೇರ್ ಸವೆದಿತ್ತು. ಹೊಸದು ಹಾಕಿದೆ, ಮಗುಚಿ ಕೂರಿಸಿದ್ದರಿಂದ ಅದು ಉಲ್ಟಾ ತಿರುಗಿತು. ಆ ಪ್ಲೇನ್‌ನಲ್ಲಿ ಎರಡೂ ಏಲೆರಾನ್‌ಗೆ ಅದೊಂದೇ ಸರ್ವೋ. ಸರಿ, ರಿಮೋಟ್‌ನಲ್ಲಿ ರಿವರ್ಸ್ ಮಾಡಿದೆ. ಸ್ಟಿಕ್ ಬಲಕ್ಕೆ ಅಂದರೆ ಬಲಕ್ಕೆ, ಪಕ್ಕಾ. ಮಾಗಡಿ ರಸ್ತೆ ಆಚೆಯ ಬಯಲಿಗೆ ಹೋಗಿ ಎಸೆದೆ. ಗಾಳಿಗೆ ಎಡ ರೆಕ್ಕೆ ಒಂಚೂರು ವಾಲಿತು. ಗೈರೋ ಅದನ್ನು ಎತ್ತುವ ಬದಲು ಇನ್ನೂ ಒತ್ತಿತು. ಮೂರು ಸೆಕೆಂಡ್, ಉಲ್ಟಾ ಆಗಿ ರಾಗಿ ಹೊಲದೊಳಗೆ. ರಿಮೋಟ್‌ನ ರಿವರ್ಸ್ ಸ್ಟಿಕ್ಕಿಗೆ ಮಾತ್ರ ಲೆಕ್ಕ, ಗೈರೋ ತನ್ನ ಹಳೆಯ ದಿಕ್ಕಿನಲ್ಲೇ ಕೆಲಸ ಮಾಡುತ್ತದೆ ಅಂತ ಅವತ್ತು ತಿಳಿಯಿತು. ಆ ಗೈರೋಗೆ ಆಫ್ ಸ್ವಿಚ್ ಕೊಟ್ಟಿರಲಿಲ್ಲ. ಇದ್ದಿದ್ದರೆ ಮೂತಿ ಉಳಿಯುತ್ತಿತ್ತೇನೋ.

ಅದಕ್ಕೇ ಹೇಳೋದು, ಕೊಳ್ಳುವಾಗ ಎರಡು ವಿಷಯ ಕೇಳಿ. ರಿಮೋಟ್‌ನಿಂದ ಮೋಡ್ ಬದಲಿಸಿ ಪೂರ್ತಿ ಆಫ್ ಮಾಡಬಹುದಾ? ಗೈನ್, ಅಂದರೆ ಗೈರೋ ಎಷ್ಟು ಜೋರಾಗಿ ತಿದ್ದಬೇಕು ಅನ್ನೋದನ್ನೂ ರಿಮೋಟ್‌ನಿಂದ ತಿರುಗಿಸಬಹುದಾ? ರಿಮೋಟ್ ಸಿಗ್ನಲ್ ಹಿಡಿಯುವ ನಿಮ್ಮ ರಿಸೀವರ್‌ನಲ್ಲಿ ಆರು ಚಾನೆಲ್. ನಾಲ್ಕು ಹಾರಾಟಕ್ಕೆ ಹೋದರೂ ಎರಡು ಉಳಿಯುತ್ತವೆ. ಮೋಡ್‌ಗೆ ಐದನೆಯದನ್ನು ಮೂರು ಹಂತದ ಸಿ ಸ್ವಿಚ್‌ಗೆ ಕೊಡಿ, ಗೈನ್‌ಗೆ ಆರನೆಯದನ್ನು ಮೇಲಿನ ತಿರುಪು ಗುಬ್ಬಿಗೆ. ಬೇಕಾದಷ್ಟಾಯಿತು.

ಬ್ರ್ಯಾಂಡ್ ಅಂದರೆ, ಸ್ಪೆಕ್ಟ್ರಮ್ ಎಎಸ್‌ತ್ರೀಎಕ್ಸ್, ಫ್ರ್‌ಸ್ಕೈ ಎಸ್8ಆರ್ ಇವೆಲ್ಲ ಗೈರೋ ಒಳಗೇ ಇರುವ ರಿಸೀವರ್‌ಗಳು. ಒಳ್ಳೆಯವೇ, ಆದರೆ ನಿಮ್ಮ ಫ್ಲೈಸ್ಕೈ ರಿಮೋಟ್ ಜೊತೆ ಬೈಂಡ್ ಆಗುವುದಿಲ್ಲ, ಅಂದರೆ ಜೋಡಿಯಾಗುವುದಿಲ್ಲ. ಅವುಗಳಿಗೋಸ್ಕರ ರಿಮೋಟ್ ಬದಲಿಸೋದು ಸುಮ್ನೆ ಖರ್ಚು. ರಿಸೀವರ್‌ಗೂ ಸರ್ವೋಗೂ ಮಧ್ಯೆ ಸೇರಿಸುವ ಬೇರೆ ಪೆಟ್ಟಿಗೆ ತಗೊಳ್ಳಿ, ಹಾಬಿಈಗಲ್ ಎ3 ಥರದ್ದು.

ಸರ್ವೋ ವಿಷಯ ಯಾರೂ ಹೇಳಿಲ್ಲ. ಎಸ್‌ಜಿ90 ಅನಲಾಗ್ ಸರ್ವೋ, ಸೆಕೆಂಡಿಗೆ 50 ಸಿಗ್ನಲ್‌ಗೆ ಮಾಡಿದ್ದು. ಗೈರೋದಲ್ಲಿ ಡಿಜಿಟಲ್ ಸರ್ವೋದ 333 ಹರ್ಟ್ಸ್ ಆಯ್ಕೆ ಒತ್ತಿದರೆ ಅದು ಬಿಸಿಯಾಗಿ ಸುಟ್ಟೇ ಹೋಗಬಹುದು. ಮೊದಲು 50ಕ್ಕೆ ಇಡಿ. ಗೈರೋ ಹಾಕಿದ ಮೇಲೆ ಸರ್ವೋಗಳು ಸುಮ್ಮನಿರುವುದಿಲ್ಲ, ಕರೆಂಟ್ ಜಾಸ್ತಿ ಎಳೆಯುತ್ತವೆ. ನಿಮ್ಮ ಇಎಸ್‌ಸಿಯ (ಮೋಟಾರ್ ವೇಗ ನಿಯಂತ್ರಕ) ಬಿಇಸಿ, ಅಂದರೆ ಸರ್ವೋಗಳಿಗೆ ಕರೆಂಟ್ ಕೊಡುವ ಭಾಗ, 2 ಆಂಪಿನದಾದರೆ ಒಂದು ಹಾರಾಟ ಮುಗಿದ ತಕ್ಷಣ ಅದರ ಮೇಲೆ ಕೈಯಿಟ್ಟು ನೋಡಿ. ಮುಟ್ಟಲಾಗದಷ್ಟು ಬಿಸಿ ಇದ್ದರೆ ಬೇರೆ ಬಿಇಸಿ ಹಾಕಿ.

ಕೂರಿಸುವುದು ಸಿಜಿ ಹತ್ತಿರ, ಪ್ಲೇನಿನ ಉದ್ದಕ್ಕೆ ನೇರವಾಗಿ, ಎರಡು ಕಡೆ ಅಂಟಿನ ಫೋಮ್ ಟೇಪ್ ಮೇಲೆ. ಬ್ಯಾಟರಿ ಹಾಕಿದ ಮೇಲೆ ನೆಲದ ಮೇಲಿಟ್ಟು ಕೈ ತೆಗೆಯಿರಿ. ಕೈಯಲ್ಲಿ ಹಿಡಿದುಕೊಂಡೇ ಆನ್ ಮಾಡಿದರೆ ಅದರ ಸೊನ್ನೆಯೇ ತಪ್ಪಿರುತ್ತದೆ. ಸ್ಟಿಕ್ಕನ್ನೂ ಆಗ ಮುಟ್ಟಬೇಡಿ.

ಮೊದಲ ಹಾರಾಟ ಗೈರೋ ಆಫ್ ಇಟ್ಟು. ಸ್ಟಿಕ್ ಬಿಟ್ಟರೂ ನೇರ ಹಾರುವಂತೆ ರಿಮೋಟ್‌ನ ಟ್ರಿಮ್ ಸರಿಯಾದ ಮೇಲೆ ಕೆಳಗಿಳಿಸಿ, ಸರ್ವೋದಿಂದ ಪಟ್ಟಿಗೆ ಹೋಗುವ ಕಡ್ಡಿಯ ಉದ್ದ ತಿರುಗಿಸಿ ಟ್ರಿಮ್ಮನ್ನು ಮತ್ತೆ ಸೊನ್ನೆಗೆ ತನ್ನಿ. ಆಮೇಲೆ ಗೈರೋ ಆನ್ ಮಾಡಿ, ಪ್ಲೇನನ್ನು ಹಿಂದಿನಿಂದ ಹಿಡಿದು ಬಲ ರೆಕ್ಕೆಯನ್ನು ತಟ್ಟನೆ ಕೆಳಗೆ ಮಾಡಿ. ಬಲ ಏಲೆರಾನ್ ಕೆಳಗೆ ಹೋಗಬೇಕು. ಮೂತಿ ಬಗ್ಗಿಸಿದರೆ ಎಲಿವೇಟರ್ ಮೇಲೆ. ಮೂತಿ ಎಡಕ್ಕೆ ತಿರುಗಿಸಿದರೆ ರಡರ್ (ಬಾಲದ ನೆಟ್ಟಗಿನ ಪಟ್ಟಿ) ಬಲಕ್ಕೆ. ತಪ್ಪಿದ್ದರೆ ಗೈರೋದಲ್ಲೇ ಸರಿ ಮಾಡಿ, ರಿಮೋಟ್‌ನಲ್ಲಲ್ಲ.

ಗೈನ್ 30 ಪರ್ಸೆಂಟ್ ಸುತ್ತಮುತ್ತ ಶುರು ಮಾಡಿ. ಮೇಲೆ ಹೋಗಿ ಫುಲ್ ಥ್ರಾಟಲ್‌ನಲ್ಲಿ ನೇರ ಬಿಡಿ, ಗುಬ್ಬಿ ನಿಧಾನಕ್ಕೆ ಏರಿಸಿ. ಪ್ಲೇನ್ ಗಡಗಡ ನಡುಗಲು ಶುರುವಾದರೆ ಅಲ್ಲಿಂದ ಸ್ವಲ್ಪ ಇಳಿಸಿ. ನಿಧಾನದ ಹಾರಾಟದಲ್ಲಿ ಗೈನ್ ಹೊಂದಿಸಿದರೆ ವೇಗಕ್ಕೆ ಹೋದಾಗ ಖಂಡಿತ ನಡುಗುತ್ತದೆ.

ಜಾಗದ ಬಗ್ಗೆ: ಜಕ್ಕೂರು, ಯಲಹಂಕ, ಎಚ್‌ಎಎಲ್, ದೇವನಹಳ್ಳಿ, ಯಾವ ಕಡೆ ಹೋದರೂ ಒಂದು ರನ್‌ವೇ ಇದೆ. ಸರ್ಕಾರದ ಡ್ರೋನ್ ನಕ್ಷೆಯಾದ ಡಿಜಿಟಲ್ ಸ್ಕೈನಲ್ಲಿ ಹಸಿರು ವಲಯ ನೋಡಿಕೊಂಡೇ ಹಾರಿಸಿ.

ಆರ್ಡರ್ ಮಾಡುವ ಮುಂಚೆ ರೆಕ್ಕೆಯ ಕೆಳಗೆ ಎರಡು ಬೆರಳಿಟ್ಟು ಬ್ಯಾಲೆನ್ಸ್ ಮಾಡಿ ಒಂದು ಫೋಟೋ ಹಾಕಿ. ಸಿಜಿ ಸರಿ ಇದೆಯಾ ನೋಡೋಣ, ಬ್ಯಾಟರಿ ಎಲ್ಲಿ ಕೂತಿದೆ ಅಂತ ಕಾಣಬೇಕು.