ಫ್ರಿಜ್‌ನಲ್ಲಿಟ್ಟ ಅಶೋಕದ ಬೀಜ ಯಾಕೆ ಹುಟ್ಟಲಿಲ್ಲ?

ಪ್ರಶ್ನೆ: ಅಶೋಕ, ರಾಂಪತ್ರೆ (ಕಾಡು ಜಾಯಿಕಾಯಿ), ಅಶ್ವಗಂಧ ಮೂರರ ಬೀಜವನ್ನೂ ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿ, ಡಬ್ಬಿಗೆ ಹಾಕಿ ಫ್ರಿಜ್‌ನಲ್ಲಿಟ್ಟಿದ್ದೆ. ಮಳೆ ಹಿಡಿದ ಮೇಲೆ ಬಿತ್ತಿದರೆ ಅಶೋಕ, ರಾಂಪತ್ರೆ ಒಂದೂ ಹುಟ್ಟಲಿಲ್ಲ. ಅಶ್ವಗಂಧ ಅಲ್ಲೊಂದು ಇಲ್ಲೊಂದು. ಎಷ್ಟು ಡಿಗ್ರಿಯಲ್ಲಿ ಇಡಬೇಕಿತ್ತು?
– ತೀರ್ಥಹಳ್ಳಿಯ ಓದುಗರು

ಉತ್ತರ: ಡಿಗ್ರಿ ಆಮೇಲೆ ನೋಡೋಣ. ಈ ಬೀಜ ಒಣಗಿದರೆ ಬದುಕುತ್ತದಾ ಅನ್ನೋದು ಮೊದಲ ಪ್ರಶ್ನೆ.

ಅಶೋಕ, ರಾಂಪತ್ರೆ ಎರಡೂ ಹಲಸಿನ ಬೀಜದ ಗುಂಪಿನವು. ಒಳಗಿನ ನೀರು ಆರಿದರೆ ಜೀವವೂ ಹೋಯಿತು. ಕಾನಿನ ತಂಪು ನೆಲಕ್ಕೆ ಬಿದ್ದು ಬೇಗನೆ ಮೊಳೆಯುವ ಬೀಜಗಳಿವು, ಒಣಗಿ ಕಾಯುವುದು ಅವಕ್ಕೆ ಗೊತ್ತಿಲ್ಲ. ನಿಮ್ಮವು ಬಹುಶಃ ಅಂಗಳದ ಬಿಸಿಲಿನಲ್ಲೇ ಸತ್ತಿವೆ. ಫ್ರಿಜ್‌ಗೆ ಹೋಗಿದ್ದು ಹೆಣ! ಹಸಿಯಾಗಿ ಇಟ್ಟಿದ್ದರೂ ಇಂಥ ಬೀಜಗಳಲ್ಲಿ ಹೆಚ್ಚಿನವಕ್ಕೆ ಆ ಚಳಿ ಆಗಿಬರುವುದಿಲ್ಲ. ತಿರುಳು, ಬೀಜಕ್ಕೆ ಸುತ್ತಿಕೊಂಡ ಪತ್ರೆ ಬಿಡಿಸಿ ಅದೇ ವಾರ ಬಿತ್ತಿಬಿಡಿ. ತಡವಾಗುತ್ತದೆ ಅಂದ್ರೆ ತೇವದ ಮರಳಿನಲ್ಲೋ ತೆಂಗಿನ ನಾರಿನ ಪುಡಿಯಲ್ಲೋ ಹುದುಗಿಸಿ, ಗಾಳಿಯಾಡುವ ನೆರಳಲ್ಲಿಡಿ. ಅದೂ ಸ್ವಲ್ಪ ದಿನ ಅಷ್ಟೆ.

ಅಶ್ವಗಂಧದ ಕಥೆ ಬೇರೆ. ಅದು ಒಣಸೀಮೆಯ ಗಿಡ. ಬೀಜ ಒಣಗಿದಷ್ಟೂ, ತಂಪಾಗಿದ್ದಷ್ಟೂ ಬಾಳಿಕೆ ಜಾಸ್ತಿ. ಹ್ಯಾರಿಂಗ್ಟನ್ ಎಂಬ ವಿಜ್ಞಾನಿ ಕೊಟ್ಟ ಅಂದಾಜು ಲೆಕ್ಕವೊಂದಿದೆ: ಬೀಜದ ತೇವ ಶೇ 1ರಷ್ಟು ಇಳಿದರೆ ಆಯುಷ್ಯ ದುಪ್ಪಟ್ಟು, ಉಷ್ಣಾಂಶ 5 ಡಿಗ್ರಿ ಇಳಿದರೂ ದುಪ್ಪಟ್ಟು. ಮಲೆನಾಡಿನಲ್ಲಿ ಕಷ್ಟ ಇರುವುದು ಮೊದಲನೆಯದರಲ್ಲೇ. ಜುಲೈ ಬಂತೆಂದರೆ ಡಬ್ಬಿಯೊಳಗಿನ ಹಪ್ಪಳವೂ ಮೆತ್ತಗಾಗುವ ಊರು ನಮ್ಮದು, ಅಲ್ವಾ? ಹಾಗಾಗಿ ಮಳೆಗೆ ಮೊದಲೇ ನೆರಳಲ್ಲಿ ಒಣಗಿಸಿ, ಬಿಗಿ ಮುಚ್ಚಳದ ಗಾಜಿನ ಬಾಟಲಿಗೆ ತುಂಬಿ. ಒಳಗೊಂದು ಬಟ್ಟೆಗಂಟಿನಲ್ಲಿ ಹುರಿದು ಆರಿಸಿದ ಅಕ್ಕಿ ಇಡಿ. ಅದು ತೇವ ಎಳೆದುಕೊಳ್ಳುತ್ತದೆ. ಆಗಾಗ ಮತ್ತೆ ಹುರಿದು ಬಳಸಬಹುದು.

ನಿಮ್ಮ ಡಬ್ಬಿಯ ಬಗ್ಗೆ ನನಗೊಂದು ಅನುಮಾನ. ಫ್ರಿಜ್‌ನಿಂದ ತೆಗೆದ ಕೂಡಲೇ ಮುಚ್ಚಳ ತೆಗೆದು ನೋಡಿ, ಮತ್ತೆ ಒಳಗಿಡುತ್ತಿದ್ದಿರಾ? ಹಾಗೆ ಮಾಡಿದರೆ ಹೊರಗಿನ ಗಾಳಿಯ ತೇವ ತಣ್ಣಗಿನ ಬೀಜದ ಮೇಲೆ ನೀರಾಗಿ ಕೂರುತ್ತದೆ. ನಾಲ್ಕು ಸಲ ಹೀಗಾದರೆ ಒಣಗಿಸಿದ್ದೆಲ್ಲ ದಂಡ. ಬಾಟಲಿ ಹೊರಗಿನ ಶಾಖಕ್ಕೆ ಬಂದ ಮೇಲೇ ತೆರೆಯಬೇಕು. ಜಡಿಮಳೆಯಲ್ಲಿ ಬಿತ್ತಿದ್ದರೆ ಮಣ್ಣಿನಲ್ಲೇ ಕೊಳೆತಿರಲೂಬಹುದು. ಮುಂದಿನ ಸಲ ನೀರು ನಿಲ್ಲದ ಏರುಮಡಿ ಮಾಡಿ.

ಅಂದಹಾಗೆ, ಅಡುಗೆಯ ಹುಳಿಗೆ ಬಳಸುವ ಉಪ್ಪಾಗೆ ಹಣ್ಣಿನ ಬೀಜ ಬಿತ್ತಿದವರು ಹುಟ್ಟಲಿಲ್ಲ ಅಂತ ಸುಮ್ನೆ ಮಣ್ಣು ಚೆಲ್ಲಬೇಡಿ. ಅದಕ್ಕೆ ತಿಂಗಳುಗಟ್ಟಲೆ ಬೇಕು. ಒಳಗಿನ ಬೀಜಕ್ಕೆ ಗಾಯವಾಗದಂತೆ ಗಟ್ಟಿ ಸಿಪ್ಪೆ ಬಿಡಿಸಿ ಬಿತ್ತಿದರೆ ಬೇಗ ಬರುತ್ತದೆ.